ನಾಲ್ಕನೆಯ ಆಜ್ಞೆ, ನಮೂನೆ 6ಎ

‘ತಂದೆತಾಯಿಯನ್ನು ಗೌರವಿಸು’ ಎಂಬ ನಾಲ್ಕನೆಯ ಆಜ್ಞೆಯನ್ನು ದೊತೊರ್ನ್ (ಧರ್ಮೋಪದೇಶ) ಕ್ಲಾಸಿನಲ್ಲಿ ಬಾಯಿಪಾಠ ಮಾಡದ ಕಥೋಲಿಕರು ಹೊರದೇಶದಲ್ಲಿರುವ ನಮ್ಮ ಸಂಘದಲ್ಲಿ ಇರಲಾರರು. ಮತದಾನದ ಮಾತು ಬರುವುದೂ ಅದೇ ಆಜ್ಞೆಯ ವಿವರಣೆಯಲ್ಲಿ. ಕಥೋಲಿಕ ಧರ್ಮೋಪದೇಶ ಗ್ರಂಥದ 2240ನೆಯ ಪರಿಚ್ಛೇದ ತೆರಿಗೆ ಕಟ್ಟುವುದು, ಮತ ಹಾಕುವುದು, ದೇಶ ಕಾಯುವುದು ಈ ಮೂರನ್ನೂ ಒಟ್ಟಿಗೆ ಇಟ್ಟು ನೈತಿಕ ಕರ್ತವ್ಯ ಎನ್ನುತ್ತದೆ. ಯಾರಿಗೆ ಹಾಕಬೇಕೆಂದು ಹೇಳುವುದು ಫಾದರ್ ಕೆಲಸವಲ್ಲ. ಪಕ್ಷ ರಾಜಕೀಯದಲ್ಲಿ ಪಾದ್ರಿಗಳು ಸಕ್ರಿಯರಾಗಬಾರದೆಂದು ಧರ್ಮಸಭೆಯ ಕಾನೂನೇ (287ನೆಯ ವಿಧಿ) ಹೇಳುತ್ತದೆ. ಆ ತೀರ್ಮಾನ ನಿಮ್ಮ ಮನಸ್ಸಾಕ್ಷಿಯದು.

ಯಾವ ಊರಿನ ಮತ ಎಂಬಲ್ಲೇ ಕಾಸರಗೋಡಿನವರಿಗೆ ಗೊಂದಲ ಶುರು. ಬೇಳ, ಮಂಜೇಶ್ವರದ ಇಗರ್ಜಿಗಳು (ಚರ್ಚುಗಳು) ಮಂಗಳೂರು ಧರ್ಮಪ್ರಾಂತ್ಯದವು, ಅಲ್ಲಿಯ ಮನೆಗಳ ಮತ ಮಾತ್ರ ಕೇರಳದ್ದು. ಹೊರದೇಶದಲ್ಲಿರುವ ಭಾರತೀಯರಿಗೆ 2011ರಿಂದ ಮತದ ಹಕ್ಕು ಸಿಕ್ಕಿದೆ. ಕ್ಷೇತ್ರ ನಿರ್ಧಾರವಾಗುವುದು ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಮೇಲೆ. ಮಕ್ಕಳ ಓದಿಗೆಂದು ಮಂಗಳೂರಲ್ಲಿ ಫ್ಲ್ಯಾಟ್ ಮಾಡಿ, ಪಾಸ್‌ಪೋರ್ಟ್ ನವೀಕರಿಸುವಾಗ ಆ ವಿಳಾಸ ಕೊಟ್ಟಿದ್ದರೆ ಮತವೂ ಮಂಗಳೂರಿಗೇ. ಎರಡೂ ಕಡೆ ಹೆಸರಿಟ್ಟುಕೊಳ್ಳುವಂತಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸಜೆಯಿದೆ. ಬೇರೆ ದೇಶದ ಪೌರತ್ವ ಪಡೆದವರಿಗೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಈ ಹಕ್ಕಿಲ್ಲ.

ಹೊರದೇಶದ ಮತದಾರರಾಗಿ ಹೆಸರು ಸೇರಿಸಲು ಹಾಕುವ ಅರ್ಜಿಯೇ ನಮೂನೆ 6ಎ. ಚುನಾವಣಾ ಆಯೋಗದ ಜಾಲತಾಣದಲ್ಲೋ ಆ್ಯಪಿನಲ್ಲೋ ಭರ್ತಿ ಮಾಡಬಹುದು, ಶುಲ್ಕವಿಲ್ಲ. ಫೋಟೊ, ಪಾಸ್‌ಪೋರ್ಟಿನ ಫೋಟೊ ಮತ್ತು ವಿಳಾಸದ ಪುಟಗಳು, ಚಾಲ್ತಿಯ ವೀಸಾ ಇರುವ ಪುಟ ಬೇಕು. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ. ಡಿಸೋಜ, ಡಿಕೋಸ್ತ, ಡಿಸಿಲ್ವ ಮನೆತನದವರು ಮೊದಲ ‘ಡಿ’ ಬಿಡಿಯಾಗಿದೆಯೋ ಕೂಡಿಕೊಂಡಿದೆಯೋ ಎಂದು ಕಣ್ಣಿಟ್ಟು ನೋಡಬೇಕು. ಇಂಗ್ಲಿಷಿನಿಂದ ಮಲಯಾಳಕ್ಕೆ ತಾನಾಗಿ ಇಳಿಯುವ ಹೆಸರು ಎಷ್ಟೋ ಸಲ ಅಡ್ಡಾದಿಡ್ಡಿ ಆಗುತ್ತದೆ, ಓದಬಲ್ಲವರಿಗೆ ತೋರಿಸಿ. ಹಳೆಯ ಮತದಾರರ ಗುರುತುಚೀಟಿ ಇದ್ದರೆ ಹಿಂತಿರುಗಿಸಬೇಕು.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಇದರ ನಂತರದ ಹಂತದಲ್ಲಿ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಪಾಸ್‌ಪೋರ್ಟಿನ ವಿಳಾಸಕ್ಕೇ ಬಂದು ವಿಚಾರಿಸುತ್ತಾರೆ. ಅಮ್ಮನಿಗೆ ವಿಷಯವೇ ಗೊತ್ತಿಲ್ಲದೆ ‘ಅವ ಇಲ್ಲಿ ಇಲ್ಲ, ಗಲ್ಫಿನಲ್ಲಿ’ ಎಂದಷ್ಟೇ ಹೇಳಿ ಕಳಿಸಿದರೆ, ಅಥವಾ ಮನೆಗೆ ಬೀಗ ಬಿದ್ದಿದ್ದರೆ, ಪರಿಶೀಲನೆ ಅಲ್ಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅರ್ಜಿ ಹಾಕಿದ ದಿನವೇ ಮನೆಗೆ ಫೋನ್ ಮಾಡಿ ಹೇಳಿಡಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಇಗರ್ಜಿ ವಾರ್ಡಿನ ಮುಖಂಡರಾದ ಗುರ್ಕಾರರ ಕಿವಿಗೆ ಹಾಕಿ, ಬಿಎಲ್‌ಒ ಬಂದಾಗ ಸುದ್ದಿಯಾದರೂ ಸಿಗುತ್ತದೆ.

ಮತ ಹಾಕಲು ಊರಿಗೇ ಬರಬೇಕು. ಟಿಕೆಟ್ ದುಡ್ಡಿಲ್ಲದೆ, ರಜೆ ಸಿಗದೆ ಬರಲಾಗದವರ ಮೇಲೆ ಪಾಪ ಹೊರಿಸಬೇಕಿಲ್ಲ. ಆಗದ ಕೆಲಸಕ್ಕೆ ಯಾವ ಕರ್ತವ್ಯವೂ ಕಟ್ಟಿಹಾಕುವುದಿಲ್ಲ. ಆದರೆ 2021ರಲ್ಲಿ ಈಸ್ಟರ್ ಏಪ್ರಿಲ್ 4ಕ್ಕೆ, ಕೇರಳದ ಮತದಾನ 6ಕ್ಕೆ ಇತ್ತು. ಹಬ್ಬಕ್ಕೆ ಊರಿಗೆ ಬಂದವರು ಪಟ್ಟಿಯಲ್ಲಿ ಹೆಸರಿದ್ದರೆ ಇನ್ನೆರಡು ದಿನ ನಿಂತು ಮತ ಹಾಕಿಯೇ ಹೊರಡಬಹುದಿತ್ತು. ಆ ಸಲ ಮಂಜೇಶ್ವರದ ಗೆಲುವಿನ ಅಂತರ 745 ಮತ, 2016ರಲ್ಲಿ ಬರೀ 89. ಒಂದು ವಾರ್ಡಿನ ಕುಟುಂಬಗಳು ಸಾಕಿತ್ತು.

ಹೊರದೇಶದ ಮತದಾರರ ಹೆಸರು ಮನೆ ನಂಬರಿನ ಎದುರು ಇರುವುದಿಲ್ಲ, ಆ ಮತಗಟ್ಟೆಯ ಪಟ್ಟಿಯ ಕೊನೆಗೆ ಬೇರೆ ವಿಭಾಗದಲ್ಲಿರುತ್ತದೆ. ಅಲ್ಲಿ ನೋಡದೆ ಹೆಸರಿಲ್ಲವೆಂದು ವಾಪಸು ಹೋಗಬೇಡಿ. ಗುರುತುಚೀಟಿ ಕೊಡುವುದಿಲ್ಲವಾದ್ದರಿಂದ ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು; ಜೆರಾಕ್ಸ್ ನಡೆಯದು, ಫೋನಿನಲ್ಲಿನ ಫೋಟೊವೂ ನಡೆಯದು. ಕಾಯಂ ಆಗಿ ಊರಿಗೆ ಮರಳಿದ ಮೇಲೆ 6ಎ ನೋಂದಣಿ ಸಲ್ಲದು, ನಮೂನೆ 6ರಲ್ಲಿ ಹೊಸದಾಗಿ ಅರ್ಜಿ ಹಾಕಬೇಕು.