ಪ್ರಾರ್ಥನಾ ಗುಂಪಿನವರಿಗೆ ಒಂದು ವಿನಂತಿ

ಎಲ್ಲರಿಗೂ ವಂದನೆಗಳು. ತಮಗೀಗ ನಂಬಿಕೆ ಉಳಿದಿಲ್ಲ ಎಂದು ನಮ್ಮಲ್ಲೊಬ್ಬರು ಬರೆದದ್ದನ್ನು ನೋಡಿದ್ದೀರಿ. ದಯವಿಟ್ಟು ಅವರಿಗೆ ಬೈಬಲಿನ ಇಬ್ರಿಯ ಪತ್ರಿಕೆಯ 6ನೇ ಅಧ್ಯಾಯದಲ್ಲಿರುವ, ನಂಬಿಕೆ ಬಿಟ್ಟುಹೋದವರ ಕುರಿತಾದ ಎಚ್ಚರಿಕೆ ಕಳುಹಿಸಬೇಡಿ. ಅದನ್ನು ಅವರು ನಮಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ!

1 ಅರಸುಗಳು 19 ತೆಗೆದು ನೋಡಿ. ಸಾಕು, ಪ್ರಾಣ ತೆಗೆದುಬಿಡು ಎಂದು ಮರದಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ, ದೂತ ಗದರಲಿಲ್ಲ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಮದರ್ ತೆರೇಸಾ ದಶಕಗಳ ಕಾಲ ದೇವರ ಸಾನ್ನಿಧ್ಯವೇ ಅರಿವಿಗೆ ಬಾರದೆ ನರಳಿದ್ದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿದೆ.

ನಾವು ನಂಬದೆ ಹೋದರೂ ಕ್ರಿಸ್ತನು ನಂಬಿಗಸ್ತನಾಗಿಯೇ ಉಳಿಯುತ್ತಾನೆ ಎನ್ನುತ್ತದೆ 2 ತಿಮೊಥೆ 2:13. ಹಾಗಿದ್ದ ಮೇಲೆ, ಕೃಪೆಯ ಲೆಕ್ಕ ಇಡುವ ಕೆಲಸ ನಮಗ್ಯಾಕೆ?

ಫೋನ್ ಮಾಡುವವರು ಅವರ ಆರೋಗ್ಯ, ನಿದ್ದೆ ವಿಚಾರಿಸಿ. ಅವರು ಮಾತಾಡಿದರೆ ಕೇಳಿ, ವಾದಕ್ಕಿಳಿಯಬೇಡಿ. ಗುಂಪಿನಲ್ಲಿರುವುದೂ ಬಿಡುವುದೂ ಅವರಿಗೇ ಬಿಟ್ಟದ್ದು, ನಾವಾಗಿ ತೆಗೆಯುವುದಿಲ್ಲ.

ಇದನ್ನು ಅವರೂ ಓದುತ್ತಿರಬಹುದು. ನೀವು ಉತ್ತರ ಬರೆಯಲೇಬೇಕೆಂದಿಲ್ಲ.