ಭಾರತದ ಬಾಹ್ಯಾಕಾಶ ನಿಲ್ದಾಣ ಚಕ್ರವಲ್ಲ

ಮಾನ್ಯ ಸಂಪಾದಕರೇ,

ಭಾರತೀಯ ಅಂತರಿಕ್ಷ ನಿಲ್ದಾಣದ ಸುದ್ದಿಯ ಪಕ್ಕ ನಿಮ್ಮ ಪತ್ರಿಕೆಯಲ್ಲಿ ಗರಗರ ತಿರುಗುವ ದೊಡ್ಡ ಚಕ್ರದ ಚಿತ್ರ ಅಚ್ಚಾಗಿದೆ. ಇದೇ ಚಕ್ರ ಕಾರವಾರ, ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಥರ್ಮೋಕೋಲಿನಲ್ಲಿ ಮೈತಾಳುತ್ತಿರುತ್ತದೆ. ಇಸ್ರೊ ಕಟ್ಟಲು ಹೊರಟಿರುವುದು ಅದನ್ನಲ್ಲ. 2028ಕ್ಕೆ ಮೊದಲ ಘಟಕ, 2035ರ ಹೊತ್ತಿಗೆ ಐದೂ ಘಟಕ ಸೇರಿದ ನಿಲ್ದಾಣ ಎಂಬುದು ಗುರಿ. ಒಂದಕ್ಕೊಂದು ಜೋಡಿಸಿದ ಉರುಳೆಗಳು ಅವು; ತಿರುಗುವುದಿಲ್ಲ. ಚಿತ್ರದ ಚಕ್ರಕ್ಕೆ ನೂರು ವರ್ಷ ತುಂಬುತ್ತ ಬಂದಿದೆ, ಅದಕ್ಕೆ ಬೇರೆಯೇ ಒಡೆಯರಿದ್ದಾರೆ.

ಆ ಚಕ್ರವನ್ನು ವಿವರವಾಗಿ ಲೆಕ್ಕಹಾಕಿ ಬಿಡಿಸಿದವರು ಹರ್ಮನ್ ಪೊಟೊಚ್ನಿಕ್. ಆಸ್ಟ್ರಿಯಾದ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ ಸ್ಲೊವೀನ್ ಎಂಜಿನಿಯರ್, ಬರೆದದ್ದು ನೂರ್ಡುಂಗ್ ಎಂಬ ಗುಪ್ತನಾಮದಲ್ಲಿ. ಪುಸ್ತಕ 1928ರ ಕೊನೆಗೆ ಬರ್ಲಿನ್‌ನಲ್ಲಿ ಹೊರಬಂತು; ಮರುವರ್ಷ ಆಗಸ್ಟ್‌ನಲ್ಲಿ, 36ನೇ ವಯಸ್ಸಿಗೆ, ಅವರು ತೀರಿಕೊಂಡರು. 30 ಮೀಟರ್ ವ್ಯಾಸದ ವಾಸದ ಚಕ್ರ, 8 ಸೆಕೆಂಡಿಗೆ ಒಂದು ಸುತ್ತು; ತಿರುಗಿದರೆ ಒಳಗಿದ್ದವರು ಅಂಚಿಗೆ ಒತ್ತಿಕೊಂಡು ತೂಕ ಸಿಗುತ್ತದೆ ಎಂದು. ತ್ರಿಜ್ಯ 15 ಮೀಟರ್ ಎಂದು ಗುಣಿಸಿ ನೋಡಿ: ಅಂಚಿನಲ್ಲಿ ನಿಂತವನಿಗೆ ಸೆಕೆಂಡಿನ ವರ್ಗಕ್ಕೆ 9.25 ಮೀಟರ್ ವೇಗೋತ್ಕರ್ಷ, ಎಂದರೆ ಭೂಮಿಯ ಮೇಲಿನ ತೂಕದ ಶೇ 94. ದೂರದರ್ಶಕ ತಿರುಗುತ್ತ ಕೂತರೆ ಒಂದು ನಕ್ಷತ್ರವನ್ನೂ ಹಿಡಿದಿಡಲಾರದು ಎಂದು ವೀಕ್ಷಣಾಲಯವನ್ನು ಬೇರೆಯೇ ಇಟ್ಟರು. ಸೂರ್ಯನ ಬಿಸಿಲನ್ನು ಕನ್ನಡಿಯಿಂದ ಒಟ್ಟುಮಾಡಿ ಉಗಿ ಎಬ್ಬಿಸುವ ಯಂತ್ರಶಾಲೆಯೂ ಬೇರೆ. ಒಳಬರುವ ಬಾಗಿಲು ಚಕ್ರದ ನಟ್ಟನಡುವಿನ ಗುಂಭದಲ್ಲಿ, ಚಕ್ರಕ್ಕೆ ಎದುರು ದಿಕ್ಕಿನಲ್ಲಿ ತಿರುಗುವಂತೆ. ಒಂದೂ ರಾಕೆಟ್ ಬಾಹ್ಯಾಕಾಶ ಮುಟ್ಟಿರದ ಕಾಲದಲ್ಲಿ ಇಷ್ಟು ಮುಂದಾಲೋಚನೆ! ನಮ್ಮ ಮಟ್ಟಿಗೆ, ಮುಂದೆ ಇಂಥದೇ ಚಕ್ರ ಸೂಚಿಸಿದ ರಾಕೆಟ್ ತಜ್ಞ ಫಾನ್ ಬ್ರೌನ್‌ಗಿಂತ ಇವರೇ ಒಂದು ಕೈ ಮೇಲು.

ತಪ್ಪಿದ್ದು ಗಾತ್ರದಲ್ಲಿ. 8 ಸೆಕೆಂಡಿಗೊಂದು ಸುತ್ತು ಎಂದರೆ ನಿಮಿಷಕ್ಕೆ ಏಳೂವರೆ; ಜಾತ್ರೆಯ ತೊಟ್ಟಿಲಲ್ಲಿ ತಿಂಗಳುಗಟ್ಟಲೆ ಸಂಸಾರ ಮಾಡಿದ ಹಾಗೆ. 1.7 ಮೀಟರ್ ಎತ್ತರದ ಮನುಷ್ಯನ ತಲೆಗೆ ಪಾದಕ್ಕಿಂತ ಶೇ 11 ಕಡಿಮೆ ಸೆಳೆತ. ಅಂಚು ಚಲಿಸುವುದು ಸೆಕೆಂಡಿಗೆ 11.8 ಮೀಟರ್ ವೇಗದಲ್ಲಿ. ಅದರ ವಿರುದ್ಧ ದಿಕ್ಕಿಗೆ ಸೆಕೆಂಡಿಗೆ 3 ಮೀಟರ್ ಓಡಿದರೆ ನಿಮ್ಮ ತೂಕ ಅರ್ಧಕ್ಕಿಂತ ತುಸು ಮೇಲಕ್ಕೆ ಇಳಿಯುತ್ತದೆ. ಜೊತೆಗೆ, ತಿರುಗುವ ಕೋಣೆಯಲ್ಲಿ ತಲೆ ಹೊರಳಿಸಿದಾಗಲೆಲ್ಲ ಒಳಕಿವಿಯ ದ್ರವ ಗಲಿಬಿಲಿಗೊಂಡು ವಾಕರಿಕೆ ಬರುತ್ತದೆ. ನಿಮಿಷಕ್ಕೆ ಎರಡೇ ಸುತ್ತಿಗೆ ಇಳಿಸಿ, ಪೂರ್ತಿ ತೂಕವೂ ಬೇಕೆಂದರೆ ತ್ರಿಜ್ಯ 224 ಮೀಟರ್ ಆಗಬೇಕು.

1952ರಲ್ಲಿ ಫಾನ್ ಬ್ರೌನ್ ಅಮೆರಿಕದ ವಾರಪತ್ರಿಕೆಯೊಂದರಲ್ಲಿ ಮುಂದಿಟ್ಟ ಚಕ್ರ 76 ಮೀಟರ್ ವ್ಯಾಸದ್ದು. 22 ಸೆಕೆಂಡಿಗೊಂದು ಸುತ್ತು, ಮೂರನೇ ಒಂದು ಪಾಲು ತೂಕ, 80 ಜನ. ಇದನ್ನೇ ಇಂದಿಗೂ ಎಲ್ಲರೂ ನಕಲು ಮಾಡುತ್ತಿರುವುದು. ಕಕ್ಷೆಯ ಎತ್ತರ 1,730 ಕಿಲೋಮೀಟರ್ ಎಂದಿತ್ತು. ಅಲ್ಲಿ ವ್ಯಾನ್ ಅಲೆನ್ ವಿಕಿರಣ ಪಟ್ಟಿ ಇದೆ ಎಂದು ತಿಳಿದದ್ದು 1958ರಲ್ಲಿ, ಅಮೆರಿಕದ ಉಪಗ್ರಹ ಎಕ್ಸ್‌ಪ್ಲೋರರ್ 1 ಹಾರಿದ ಮೇಲೆ. ಕಟ್ಟಿದ್ದರೆ ಆ 80 ಜನರ ಗತಿ ಏನಾಗುತ್ತಿತ್ತೋ. ಈಗಿನ ನಿಲ್ದಾಣಗಳು 400 ಕಿಲೋಮೀಟರ್ ಆಸುಪಾಸಿನಲ್ಲೇ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಉರುಳೆಯ ಆಕಾರ ಬಂದದ್ದು ರಾಕೆಟ್ಟಿನ ಮೂತಿಯಿಂದ. ನಮ್ಮ ಎಲ್‌ವಿಎಂ3ರ ತುದಿಯ ಕವಚ 5 ಮೀಟರ್ ಅಗಲ. ಅದರೊಳಗೆ ಹಿಡಿಸಿದ್ದಷ್ಟೇ ಮೇಲೆ ಹೋಗುತ್ತದೆ, ಉಳಿದದ್ದು ಅಲ್ಲಿಯೇ ಜೋಡಣೆಯಾಗಬೇಕು. ಆ ಜೋಡಣೆಯ ಕಲಿಕೆಯೇ 2025ರ ಜನವರಿ 16ರಂದು ಇಸ್ರೊದ ಸ್ಪೇಡೆಕ್ಸ್ ಪ್ರಯೋಗದ, ತಲಾ 220 ಕಿಲೋ ತೂಕದ ಎರಡು ಉಪಗ್ರಹಗಳು ಕೂಡಿಕೊಂಡದ್ದು. ಇನ್ನು, ನಿಲ್ದಾಣ ಕಟ್ಟುವುದೇ ತೂಕವಿಲ್ಲದ ಸ್ಥಿತಿಯಲ್ಲಿ ಪ್ರಯೋಗ ಮಾಡಲು. ತಿರುಗಿಸಿ ತೂಕ ತಂದರೆ ಆ ಅನುಕೂಲವೇ ಹೋಯಿತು. ಸೊಂಟದ ಮೂಳೆ ತಿಂಗಳಿಗೆ ಶೇ 1ರಷ್ಟು ಸವೆಯುವುದನ್ನು ತಡೆಯಲು ಗಗನಯಾನಿಗಳು ದಿನಕ್ಕೆ ಎರಡು ತಾಸಿನಷ್ಟು ವ್ಯಾಯಾಮ ಮಾಡುತ್ತಾರೆ. ಚಕ್ರ ಕಟ್ಟುವುದಕ್ಕಿಂತ ಅದು ಅಗ್ಗ.

ಕರಾವಳಿಯ ಓದುಗರಿಗೆ ಇನ್ನೂ ಹಳೆಯದೊಂದು ಕಲ್ಪನೆ ರುಚಿಸಬಹುದು. 1869ರಲ್ಲಿ ಅಮೆರಿಕದ ಎಡ್ವರ್ಡ್ ಎವರೆಟ್ ಹೇಲ್ ಕಥೆಯೊಂದರಲ್ಲಿ 200 ಅಡಿ ವ್ಯಾಸದ ಇಟ್ಟಿಗೆಯ ಚಂದ್ರನನ್ನು ಆಕಾಶಕ್ಕೆ ಎಸೆದರು. ಗಾಳಿಯ ಉಜ್ಜುವಿಕೆಯ ಬಿಸಿ ತಾಳಬೇಕೆಂದು ಇಟ್ಟಿಗೆ! ಉದ್ದೇಶ ಮಾತ್ರ ಪಕ್ಕಾ ಸಮುದ್ರದ್ದು. ಧ್ರುವ ನಕ್ಷತ್ರದ ಎತ್ತರ ಅಳೆದರೆ ಅಕ್ಷಾಂಶ ಸಿಗುತ್ತದೆ, ಕಾರವಾರದಲ್ಲಿ ಅದು ಸುಮಾರು 15 ಡಿಗ್ರಿ. ರೇಖಾಂಶಕ್ಕೆ ಅಂಥ ಗುರುತಿಲ್ಲ. ಗ್ರೀನಿಚ್ ರೇಖೆಯ ಮೇಲೆ ಉತ್ತರ-ದಕ್ಷಿಣವಾಗಿ ಸುತ್ತುವ ಚಂದ್ರನಿದ್ದರೆ ನಾವಿಕರಿಗೆ ಅದೇ ಗುರುತು ಎಂಬುದು ಹೇಲ್ ವಾದ. ಎಡವಿದ್ದು ಎಲ್ಲಿ? ಕಕ್ಷೆಯ ಸಮತಲ ಭೂಮಿಯ ಜೊತೆ ತಿರುಗುವುದಿಲ್ಲ. ಕೆಳಗೆ ಭೂಮಿ ಹೊರಳುತ್ತದೆ, ಚಂದ್ರ ಗ್ರೀನಿಚ್ ರೇಖೆಯ ಮೇಲೇ ನಿಲ್ಲದೆ ಎಲ್ಲ ರೇಖಾಂಶಗಳ ಮೇಲೂ ಹಾಯುತ್ತದೆ. ಬೈತಖೋಲ್ ಬಂದರಿನ ಟ್ರಾಲರುಗಳಲ್ಲಿರುವ ಜಿಪಿಎಸ್ ಇದೇ ಆಸೆಯನ್ನು ಬೇರೆ ದಾರಿಯಲ್ಲಿ ಈಡೇರಿಸಿದೆ: 20,200 ಕಿಲೋಮೀಟರ್ ಎತ್ತರದಿಂದ ಕನಿಷ್ಠ 4 ಉಪಗ್ರಹಗಳ ಸಂಕೇತ, ಅದರಲ್ಲಿ ಮೂರು ಸ್ಥಾನ ತಿಳಿಯಲು, ನಾಲ್ಕನೆಯದು ದೋಣಿಯ ಗಡಿಯಾರದ ತಪ್ಪು ತಿದ್ದಲು. ಈ ಉಪಗ್ರಹಗಳ ಒಳಗೆ ಜನ ಬೇಕಾಗಲೇ ಇಲ್ಲ. 1945ರಲ್ಲಿ ಲೇಖಕ ಆರ್ಥರ್ ಕ್ಲಾರ್ಕ್ ಭೂಸ್ಥಿರ ಕಕ್ಷೆಯಲ್ಲಿ ಮೂರು ರೇಡಿಯೊ ನಿಲ್ದಾಣ ಎಂದಾಗ ಅಲ್ಲಿ ಜನ ಇರುತ್ತಾರೆ ಎಂದೇ ಎಣಿಸಿದ್ದರು, ರೇಡಿಯೊದ ಕೆಟ್ಟ ವಾಲ್ವ್ (ಗಾಜಿನ ನಳಿಕೆ) ಬದಲಿಸುವವರು ಯಾರು? ಎರಡೇ ವರ್ಷದಲ್ಲಿ ವಾಲ್ವಿನ ಕೆಲಸ ಮಾಡಬಲ್ಲ ಟ್ರಾನ್ಸಿಸ್ಟರ್ ಬಂತು.

ವಸ್ತುಪ್ರದರ್ಶನಕ್ಕೆ ಚಕ್ರವೇ ಬೇಕೆನ್ನುವ ಮಕ್ಕಳಿಗೆ: ಥರ್ಮೋಕೋಲ್ ಬಿಡಿ, ಹಳೆಯ ಸೈಕಲ್ ಚಕ್ರ ತನ್ನಿ. ಅಚ್ಚನ್ನು ಮರದ ದಿಮ್ಮಿಗೆ ನೆಟ್ಟಗೆ ಬಿಗಿದು ಚಕ್ರ ನೆಲಕ್ಕೆ ಸಮನಾಗಿ ತಿರುಗುವಂತೆ ಮಾಡಿ. ರಿಮ್ಮಿಗೆ ನಾಲ್ಕು ಪುಟ್ಟ ಪ್ಲಾಸ್ಟಿಕ್ ಬಾಟಲಿಗಳನ್ನು ತಂತಿಯ ಕೊಕ್ಕೆಯಲ್ಲಿ ತೂಗಿಬಿಡಿ, ಅರ್ಧಕ್ಕೆ ಬಣ್ಣದ ನೀರು. ಎದುರುಬದುರಿನ ಬಾಟಲಿಗಳ ತೂಕ ಒಂದೇ ಇರಬೇಕು, ಇಲ್ಲದಿದ್ದರೆ ಚಕ್ರ ಅದುರಿ ದಿಮ್ಮಿಯೇ ಮಗುಚುತ್ತದೆ. ತಿರುಗುವಾಗ ಬಾಟಲಿಗಳು ಹೊರಕ್ಕೆ ಓರೆಯಾಗುತ್ತವೆ. ಓರೆ 45 ಡಿಗ್ರಿ ಮುಟ್ಟಿದಾಗ ಹೊರಸೆಳೆತ ಸರಿಯಾಗಿ ಭೂಮಿಯ ಸೆಳೆತದಷ್ಟು. ಅಚ್ಚಿನಿಂದ ಬಾಟಲಿಯ ನಡುಮಧ್ಯಕ್ಕೆ 30 ಸೆಂಟಿಮೀಟರ್ ಇದ್ದರೆ ಇದಕ್ಕೆ 22 ಸೆಕೆಂಡಿಗೆ 20 ಸುತ್ತು ಬೇಕು. ಅಳತೆಯನ್ನು ಬಾಟಲಿ ಓರೆಯಾಗಿರುವ ಸ್ಥಿತಿಯಲ್ಲೇ ತೆಗೆಯಬೇಕು. ತೂಗಿಬಿಟ್ಟಾಗ ಅಳೆದರೆ ತ್ರಿಜ್ಯ ಕಡಿಮೆ ಬಂದು ಲೆಕ್ಕ ಕೂಡುವುದಿಲ್ಲ. ಬಾಟಲಿ ಎಷ್ಟೇ ಓರೆಯಾದರೂ ಒಳಗಿನ ನೀರಿನ ಮಟ್ಟ ಬಾಟಲಿಯ ತಳಕ್ಕೆ ಸಮಾನಾಂತರವಾಗಿ ಉಳಿಯುವುದನ್ನು ತೀರ್ಪುಗಾರರಿಗೆ ತೋರಿಸಿ. ಫಲಕದ ಮೇಲೆ ‘ಪೊಟೊಚ್ನಿಕ್, 1928’ ಎಂದು ಬರೆಯಿರಿ. ಇಸ್ರೊ ಹೆಸರು ಬೇಡ.

— ಕೆಲವು ವಿಜ್ಞಾನ ಶಿಕ್ಷಕರು, ಶಿರಸಿ ಮತ್ತು ಕಾರವಾರ