ಏಡ್ಸ್ ಬಗ್ಗೆ ಬಂದಿರುವ ಆಡಿಯೊ ಫಾರ್ವರ್ಡ್ ಮಾಡಬೇಡಿ

‘ಏಡ್ಸ್ ಬರುವುದು ಎಚ್‌ಐವಿಯಿಂದಲ್ಲ, ಅದಕ್ಕೆ ಕೊಡುವ ಮಾತ್ರೆಯಿಂದ’ ಎನ್ನುವ ಆಡಿಯೊ ಶುದ್ಧ ಸುಳ್ಳು. ಬ್ರಿಟನ್ನಿನ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಗಳನ್ನೇ ನೋಡಿ: ಕಾಯಿಲೆ ಒಂದೇ, ರಕ್ತದಿಂದ ತಯಾರಿಸಿದ ಔಷಧಿಯೂ ಅದೇ ಬಗೆಯದು. ಎಚ್‌ಐವಿ ತಗಲಿದವರಲ್ಲಿ ಸಾವಿನ ಪ್ರಮಾಣ 1991–92ರ ಹೊತ್ತಿಗೆ ಹತ್ತು ಪಟ್ಟಾಯಿತು. ತಗಲದವರಲ್ಲಿ ಏರಲೇ ಇಲ್ಲ.

ಸೋಂಕು ಎಂಟು-ಹತ್ತು ವರ್ಷ ಹೊರಗೆ ಕಾಣಿಸದಿರಬಹುದು. ಒಳಗೆ ರೋಗದ ವಿರುದ್ಧ ಹೋರಾಡುವ ಸಿಡಿ4 ಎಂಬ ಬಿಳಿ ರಕ್ತಕಣಗಳ ಸಂಖ್ಯೆ ಇಳಿಯುತ್ತಲೇ ಇರುತ್ತದೆ. ಅದು ರಕ್ತದ ಒಂದು ಘನ ಮಿಲಿಮೀಟರಿಗೆ 200ಕ್ಕಿಂತ ಕೆಳಗಿಳಿದ ಮೇಲೆ ಮಾತ್ರೆ ಶುರುಮಾಡಿದವರು ತೀರಿಕೊಂಡರೆ ದೂರು ಮಾತ್ರೆಯ ಮೇಲೆ ಬೀಳುತ್ತದೆ, ಸಂಶಯ ಹುಟ್ಟುವುದೇ ಅಲ್ಲಿ.

ಮಾತ್ರೆ ತೆಗೆದುಕೊಳ್ಳುತ್ತಿರುವವರು ದಯವಿಟ್ಟು ಒಂದು ದಿನವೂ ತಪ್ಪಿಸಬೇಡಿ. ಬಿಟ್ಟು ಬಿಟ್ಟು ನುಂಗಿದರೆ ವೈರಸ್ ಔಷಧಿಗೆ ಬಗ್ಗದ ಹಾಗಾಗುತ್ತದೆ. ಮಂಗಳೂರಿನ ವೆನ್ಲಾಕ್, ಉಡುಪಿ ಜಿಲ್ಲಾಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಗಳಲ್ಲಿ ಮಾತ್ರೆ ಉಚಿತ. ಕೇಳುವುದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಹಿಡಿಯುವುದಿಲ್ಲ.